ಎಡಗಡೆಗೆ ನದಿ

ಜನವರಿ 8, 2023

ಚಿನಕುರಳಿಗೆ ಅತ್ತೆಯ ಆಶೀರ್ವಾದ.

ಮೊಣಕಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂತು. ಫೋನ್ ಮಾಡಿದರೆ ನನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನಾನೇ ಊಹಿಸಿಕೊಂಡು ನಿನಗೆ ಬೈಯುತ್ತೇನೆ. ಅದಕ್ಕಿಂತ ಹೀಗೆ ಬರೆಯುವುದೇ ವಾಸಿ. ಐದು ವರ್ಷ ವಿಮಾನದ ಎಂಜಿನ್ ಸದ್ದಿನಲ್ಲಿ ಕಾಫಿ ಬಗ್ಗಿಸಿದವಳ ಕಿವಿ ಇನ್ನು ಹೇಗಿದ್ದೀತು?

ಒಂಬತ್ತು ವರ್ಷ ಹಾರಿದ ಮೇಲೆ ಅಂತೂ ನಿನ್ನನ್ನು ಉಳಿದ ಗಗನಸಖಿಯರಿಗೆ ಇನ್‌ಚಾರ್ಜ್ ಮಾಡುವ ಬುದ್ಧಿ ಅವರಿಗೆ ಬಂತಲ್ಲ. ಮಾರ್ಚಿನ ಸಂದರ್ಶನದಲ್ಲಿ ಬೆನ್ನು ನೇರ ಮಾಡಿ ಕೂತುಕೋ. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಇದು ನಿನಗೆ ಕಷ್ಟ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಪ್ರಯಾಣಿಕರು ಗಲಾಟೆ ಮಾಡುತ್ತಿರಲಿಲ್ಲವೇ ಎಂದು ಕೇಳಿದ್ದೀಯ. ನಲವತ್ತೇ ಸೀಟು ಕಣೇ. ಬಂದವರೆಲ್ಲ ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಬರುತ್ತಿದ್ದರು. ನಾನು ಬಿಳಿ ಕೈಗವಸು ತೊಟ್ಟು, ತಟ್ಟೆಯಲ್ಲಿ ಪೆಪ್ಪರಮಿಂಟು ಮತ್ತು ಕಿವಿಗಿಡುವ ಹತ್ತಿ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದೆ. ಪಿಂಗಾಣಿ ಬಟ್ಟಲು, ಇಸ್ತ್ರಿ ಮಾಡಿದ ಕರವಸ್ತ್ರ, ಕಿಟಕಿಗೆ ಪರದೆ. ಆದರೆ ಜನ ನೆಮ್ಮದಿಯಿಂದ ಇರುತ್ತಿದ್ದುದು ಇದರಿಂದಲ್ಲ, ಚೀಟಿಯಿಂದ. ಗಂಟೆಗೊಂದು ಸಲ ಕ್ಯಾಪ್ಟನ್ ಕೈಯಾರೆ ಒಂದು ಚೀಟಿ ಬರೆದು ಕಳಿಸುತ್ತಿದ್ದರು. ಎಷ್ಟು ಎತ್ತರ, ಎಷ್ಟು ವೇಗ, ಕೆಳಗೆ ಏನು ಕಾಣುತ್ತದೆ, ತಲುಪುವುದು ಎಷ್ಟು ಹೊತ್ತಿಗೆ. ಕೊನೆಗೆ ಸಹಿ. ಮೊದಲ ಸಾಲಿನವರು ಓದಿ ಹಿಂದಿನವರಿಗೆ ಕೊಡಬೇಕು, ಅವರು ಅವರ ಹಿಂದಿನವರಿಗೆ. ಕೊನೆಯ ಸಾಲು ಮುಟ್ಟಿ ಚೀಟಿ ನನ್ನ ಕೈಗೆ ವಾಪಸಾಗುವಷ್ಟರಲ್ಲಿ ಎಲ್ಲರ ಮುಖವೂ ಸಡಿಲವಾಗಿರುತ್ತಿತ್ತು.

ನಿನ್ನಪ್ಪ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದನಲ್ಲ, ಅಂಥ ಚೀಟಿ. ಅವನು, ನನ್ನ ತಮ್ಮ, ತೀರಿಕೊಂಡ ಮೇಲೆ ಅದು ನನ್ನ ಮನೆಗೇ ಬಂದಿದೆ.

ಟಿಕೆಟ್ ಕಳಿಸುತ್ತೇನೆ, ಬನ್ನಿ ಎಂದಿದ್ದೀಯ. ಬೇಡ. ಐವತ್ತೈದು ವರ್ಷದಿಂದ ಹತ್ತಿಲ್ಲ, ಇನ್ನು ಯಾಕೆ? ನಿಮ್ಮದು ರೆಕ್ಕೆ ಕಟ್ಟಿಕೊಂಡ ಬಸ್ಸು. ನಾನು ಇಲ್ಲೇ ಸುಖವಾಗಿದ್ದೇನೆ.

ನಿನ್ನ ಅತ್ತೆ

ಜನವರಿ 29, 2023

ಅತ್ತೆಗೆ ನಮಸ್ಕಾರ.

ಬಸ್ಸಿನ ಕಂಡಕ್ಟರಮ್ಮ ಬರೆಯುತ್ತಿದ್ದಾಳೆ. ಹೋಟೆಲ್ ರೂಮಿನಲ್ಲಿ ಕಾಲು ಬಕೆಟ್ಟಿನಲ್ಲಿಟ್ಟುಕೊಂಡು ಕೂತಿದ್ದೇನೆ. ನಿಮಗೊಂದು ಸುದ್ದಿ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ನಿಮ್ಮ ಚೀಟಿಯನ್ನು ನಾನು ಮಾಡಿ ನೋಡಿದೆ.

ಕಳೆದ ಮಂಗಳವಾರ ಬೆಳಿಗ್ಗೆ ಎಂಟೂವರೆ. ನೂರ ಎಂಬತ್ತಾರು ಸೀಟು, ಎಲ್ಲವೂ ಭರ್ತಿ. ಬಾಗಿಲು ಹಾಕಿ ರನ್‌ವೇ ಕಡೆ ಹೊರಟಿದ್ದೇವೆ, ಮಂಜು ಕವಿದುಕೊಂಡಿತು. ಅದೇ ಹೊತ್ತಿಗೆ ಧ್ವನಿವರ್ಧಕವೂ ಕೈಕೊಟ್ಟಿತು. ಹನ್ನೆರಡನೇ ಸಾಲಿನಿಂದ ಹಿಂದಕ್ಕೆ ಯಾರಿಗೂ ಏನೂ ಕೇಳಿಸದು. ನಮ್ಮ ಕಂಪನಿಯೋ ಎಲ್ಲರ ಫೋನಿಗೂ ‘ಮೂವತ್ತು ನಿಮಿಷ ತಡ’ ಎಂದು ಮೆಸೇಜ್ ಕಳಿಸಿ ಕೈತೊಳೆದುಕೊಂಡಿತ್ತು. ಕ್ಯಾಪ್ಟನ್‌ನನ್ನು ಒಳಗಿನ ಫೋನಿನಲ್ಲಿ ಕೇಳಿದೆ. ನನಗಿಂತ ಚಿಕ್ಕ ವಯಸ್ಸಿನವನು, ಒಳ್ಳೆಯವನು. ನಮ್ಮ ಮುಂದೆ ಹನ್ನೊಂದು ವಿಮಾನ ಇವೆ ಎಂದ. ಎಷ್ಟು ಹೊತ್ತಾಗಬಹುದು ಎಂದರೆ, “ಟೈಮ್ ಮಾತ್ರ ಹೇಳ್ಬೇಡಿ” ಎಂದ.

ಇಂಥ ಮಂಜಿನಲ್ಲಿ ಒಂದೊಂದು ಏಳುವುದಕ್ಕೂ ಹತ್ತು ನಿಮಿಷ ಬೇಕು. ಹನ್ನೊಂದು ವಿಮಾನ ಮೂವತ್ತು ನಿಮಿಷದಲ್ಲಿ ಏಳುತ್ತವೆಯೇ ಅತ್ತೆ? ಒಂದನೇ ಕ್ಲಾಸಿನ ಮಗುವೂ ನಗುತ್ತದೆ. ತಿಂಡಿ ಮಾರುವ ಪಟ್ಟಿಯೊಂದನ್ನು ತಿರುಗಿಸಿ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ‘ನಮ್ಮ ಮುಂದೆ ಹನ್ನೊಂದು ವಿಮಾನಗಳಿವೆ. ಮಂಜು ಕರಗಿಲ್ಲ. ಕಡಿಮೆಯೆಂದರೂ ಎರಡು ಗಂಟೆ ಆಗುತ್ತದೆ. ಶೌಚಾಲಯಕ್ಕೆ ಒಬ್ಬೊಬ್ಬರಾಗಿ ಹೋಗಬಹುದು. ನೀರು ಬೇಕಾದವರು ಕೈ ಎತ್ತಿ, ಇವತ್ತು ದುಡ್ಡು ಕೇಳುವುದಿಲ್ಲ. ಓದಿ ಹಿಂದಕ್ಕೆ ಕೊಡಿ.’ ಕೆಳಗೆ ನನ್ನದೇ ಸಹಿ ಹಾಕಿ ಮೊದಲ ಸಾಲಿಗೆ ಕೊಟ್ಟೆ.

ಎರಡು ಗಂಟೆ ಹತ್ತು ನಿಮಿಷ ಕಾದ ಮೇಲೆ ಹಾರಿದೆವು. ಅಷ್ಟು ಹೊತ್ತಿನಲ್ಲಿ ಒಬ್ಬರೂ ಬಾಗಿಲ ಹತ್ತಿರ ಬಂದು ಕೂಗಾಡಲಿಲ್ಲ. ನಂಬ್ತೀರಾ?

ಒಂದೇ ಬೇಜಾರು. ಚೀಟಿಯನ್ನು ನೆನಪಿಗೆ ಇಟ್ಟುಕೊಳ್ಳೋಣ ಎಂದುಕೊಂಡಿದ್ದೆ, ವಾಪಸ್ ಬಂದಾಗ ನೋಡಿದರೆ ಅದರ ತುಂಬ ಜನ ಏನೇನೋ ಗೀಚಿ ಹಾಳು ಮಾಡಿದ್ದಾರೆ. ನಿಮ್ಮವರಿಗೆ ಅಷ್ಟು ಶಿಸ್ತಾದರೂ ಇತ್ತು.

ನಿಮ್ಮ ಚಿನಕುರಳಿ

ಫೆಬ್ರವರಿ 6, 2023

ಅತ್ತೆ,

ಈ ಸಲ ನಗೆಚಾಟಿಕೆ ಇಲ್ಲ. ನನ್ನನ್ನು ಹಾರಾಟದಿಂದ ಇಳಿಸಿದ್ದಾರೆ.

ಯಾರೋ ಪ್ರಯಾಣಿಕರು ಚೀಟಿಯ ಫೋಟೋ ತೆಗೆದು ಹಾಕಿದ್ದಾರೆ, ಅದು ಫೋನಿನಿಂದ ಫೋನಿಗೆ ಹೋಗಿ ಊರೆಲ್ಲ ಸುತ್ತಿದೆ. ಒಂದು ಕಡೆ ಕಂಪನಿಯ ‘ಮೂವತ್ತು ನಿಮಿಷ’, ಪಕ್ಕದಲ್ಲೇ ಅದೇ ಕಂಪನಿಯ ಸಿಬ್ಬಂದಿಯ ಕೈಬರಹದಲ್ಲಿ ‘ಎರಡು ಗಂಟೆ’. ಕ್ಯಾಪ್ಟನ್ ಹೇಳದ ಮಾತನ್ನು ಪ್ರಯಾಣಿಕರಿಗೆ ಬರೆದು ಕೊಟ್ಟದ್ದು ಮೊದಲ ಆರೋಪ. ಪುಕ್ಕಟೆ ನೀರು ಕೊಟ್ಟದ್ದು ಎರಡನೆಯದು. ಮಾರ್ಚ್ 3ಕ್ಕೆ ವಿಚಾರಣೆ. ಶಿಸ್ತಿನ ಅಧಿಕಾರಿಯನ್ನು ನಾವೆಲ್ಲ ಸ್ಕೇಲು ಎಂದು ಕರೆಯುತ್ತೇವೆ, ನಮ್ಮ ಕೂದಲಿನ ಗಂಟಿನಿಂದ ಹಿಡಿದು ಚಪ್ಪಲಿಯ ಹಿಮ್ಮಡಿಯವರೆಗೆ ಅಳೆಯುವ ಮನುಷ್ಯ. ಇನ್‌ಚಾರ್ಜ್ ಪಟ್ಟಿಯಲ್ಲಿ ನನ್ನ ಹೆಸರನ್ನು ತಡೆಹಿಡಿದಿದ್ದಾರೆ. ವಿಚಾರಣೆ ಕೆಟ್ಟರೆ ಪಟ್ಟಿ ಹಾಗಿರಲಿ, ಕೆಲಸವೇ ಇರುವುದಿಲ್ಲ.

ಕ್ಯಾಪ್ಟನ್ ಏನು ಹೇಳಿಕೆ ಕೊಟ್ಟಿದ್ದಾನೆ ಗೊತ್ತೇ? ‘ಸಂಖ್ಯೆ ನಾನು ಹೇಳಿದೆ, ಟೈಮ್ ಹೇಳಬೇಡಿ ಎಂದಿದ್ದೆ.’ ಒಳ್ಳೆಯವನು ಎಂದಿದ್ದೆನಲ್ಲ, ವಾಪಸ್ ತೆಗೆದುಕೊಳ್ಳುತ್ತೇನೆ.

ಚೀಟಿ ಎಲ್ಲಿ ಎಂದು ಕೇಳಿದರು. ಆ ಗೀಚಾಟ ತೋರಿಸಿದರೆ ವಿಮಾನದಲ್ಲಿ ಹಿಡಿತವೇ ಇರಲಿಲ್ಲ ಎಂದುಕೊಳ್ಳುತ್ತಾರೆ. ಅದನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸಿ, ಶುದ್ಧವಾಗಿ ನಕಲು ಬರೆದು ಕೊಟ್ಟಿದ್ದೇನೆ.

ಈಗ ನನಗೆ ನಿಮ್ಮ ಗೋಡೆಯ ಮೇಲಿರುವ ಚೀಟಿ ಬೇಕು. ‘ಎತ್ತರ ಒಂಬತ್ತು ಸಾವಿರ ಅಡಿ. ಬಲಗಡೆಯ ಎಂಜಿನ್‌ಗೆ ಸ್ವಲ್ಪ ವಿಶ್ರಾಂತಿ ಕೊಟ್ಟಿದ್ದೇವೆ. ಎಡಗಡೆಗೆ ನದಿ ಕಾಣುತ್ತದೆ, ನೋಡಿ ಆನಂದಿಸಿ.’ ಅಕ್ಷರ ಬರುವ ಮೊದಲೇ ಇದು ನನಗೆ ಬಾಯಿಪಾಠವಾಗಿತ್ತು. ದೊಡ್ಡ ಕಂಪನಿಯ ಹಿರಿಯ ಕ್ಯಾಪ್ಟನ್ ಒಬ್ಬರು, ಎಂಜಿನ್ ನಿಂತಾಗಲೂ ಮುಚ್ಚುಮರೆಯಿಲ್ಲದೆ ಜನರಿಗೆ ಬರೆದು ತಿಳಿಸಿದರು ಎಂದು ಅದನ್ನು ಮೇಜಿನ ಮೇಲೆ ಇಟ್ಟರೆ ಸ್ಕೇಲಿನ ಬಾಯಿ ಮುಚ್ಚುತ್ತದೆ. ದಯವಿಟ್ಟು ಕೂಡಲೇ ಕಳಿಸಿ.

ಚಿನಕುರಳಿ

ಫೆಬ್ರವರಿ 15, 2023

ಚಿನಕುರಳಿಗೆ,

ಕಾಗದ ಬಂತು. ಚೌಕಟ್ಟು ಹಳೆಯದು, ಕಳಿಸಿದರೆ ಗಾಜು ದಾರಿಯಲ್ಲೇ ಪುಡಿಯಾಗುತ್ತದೆ. ಕೊರಿಯರ್ ಅಂಗಡಿಯವನು ವಸ್ತುಗಳನ್ನು ಎತ್ತಿ ಎಸೆಯುವುದನ್ನು ನಾನೇ ನೋಡಿದ್ದೇನೆ. ಅಲ್ಲದೆ ಅದು ಬೇರೆ ಕಾಲ, ಬೇರೆ ಕಂಪನಿ. ನಿನ್ನ ಕೆಲಸಕ್ಕೆ ಬಾರದು.

ನಿನ್ನ ಕ್ಯಾಪ್ಟನ್ ಹೇಳಿದ್ದರಲ್ಲಿ ತಪ್ಪೇನಿದೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ಅವನ ಮೇಲೆ ಸಿಟ್ಟು ಮಾಡಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ

ಫೆಬ್ರವರಿ 20, 2023

ಅತ್ತೆ,

ಗಾಜು ಒಡೆದರೆ ಹೊಸ ಗಾಜು ಹಾಕಿಸಬಹುದು. ಕೆಲಸ ಹೋದರೆ ಏನು ಹಾಕಿಸಲಿ?

ನನಗೆ ಈಗ ಅರ್ಥವಾಯಿತು ಬಿಡಿ. ನಿಮ್ಮದು ಪಿಂಗಾಣಿ ಬಟ್ಟಲಿನ ಕಾಲ. ಆ ಚೀಟಿ ನಮ್ಮ ಬಸ್ಸಿನ ಕಚೇರಿಯಲ್ಲಿ, ಪ್ಲಾಸ್ಟಿಕ್ ಮೇಜಿನ ಮೇಲೆ ಬಿದ್ದರೆ ನಿಮಗೆ ಅವಮಾನ. ಹಾಗೆಂದು ನೇರವಾಗಿ ಹೇಳಬಹುದಿತ್ತು. ನಾನು ಗಾಡಿ ತಳ್ಳಿ ಬಿಸ್ಕತ್ತು ಮಾರುತ್ತೇನೆ, ನಿಜ. ಇಪ್ಪತ್ತೈದು ನಿಮಿಷದಲ್ಲಿ ಒಂದು ಗುಂಪು ಇಳಿಸಿ, ಸೀಟಿನ ಸಂದಿಯ ಕಸ ನಾನೇ ಹೆಕ್ಕಿ, ಇನ್ನೊಂದು ಗುಂಪು ಹತ್ತಿಸುತ್ತೇನೆ. ಟಿಕೆಟ್ ಕಳಿಸುತ್ತೇನೆ ಎಂದಾಗಲೆಲ್ಲ ನೀವು ಬೇಡ ಎಂದದ್ದು ಇದನ್ನು ಕಣ್ಣಾರೆ ನೋಡಬಾರದು ಎಂದೇ ಅಲ್ಲವೇ?

ಅಪ್ಪ ಇದ್ದಿದ್ದರೆ ಆ ಚೌಕಟ್ಟನ್ನು ತಾನೇ ಎದೆಗೆ ಅವಚಿಕೊಂಡು ತಂದುಕೊಡುತ್ತಿದ್ದ.

ಇನ್ನು ಕೇಳುವುದಿಲ್ಲ.

ಫೆಬ್ರವರಿ 24, 2023

ಮಗಳೇ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯುತ್ತಿದ್ದೇನೆ. ತಡಮಾಡಿದರೆ ಮತ್ತೆ ಗಾಜು, ಕೊರಿಯರ್ ಎಂದು ಏನಾದರೂ ನೆವ ಹುಡುಕುತ್ತೇನೆ. ಅವಮಾನದ ಮಾತು ಎತ್ತಿದ್ದೀಯ. ಅವಮಾನ ಇದೆ, ಆದರೆ ಅದು ನಿನ್ನಿಂದಲ್ಲ.

ಆ ಚೀಟಿ ಕ್ಯಾಪ್ಟನ್ ಬರೆದದ್ದಲ್ಲ. ನಾನು ಬರೆದದ್ದು.

1967ರ ಜೂನ್. ಹೊರಟ ನಲವತ್ತು ನಿಮಿಷಕ್ಕೆ ಬಲಗಡೆಯ ಎಂಜಿನ್‌ನಲ್ಲಿ ಬೆಂಕಿ ಎಂದು ಗಂಟೆ ಬಡಿಯಿತು. ಕ್ಯಾಪ್ಟನ್ ಅದನ್ನು ನಿಲ್ಲಿಸಿದರು. ತಿರುಗದೆ ನಿಂತ ಪ್ರೊಪೆಲ್ಲರ್ ಬಲಗಡೆಯ ಕಿಟಕಿಯವರಿಗೆಲ್ಲ ಕಾಣುತ್ತಿತ್ತು. ವಿಮಾನ ಕೆಳಕ್ಕೆ ಇಳಿಯುತ್ತಿತ್ತು. ಚೀಟಿಯ ಹೊತ್ತು ಆಯಿತು, ಮೀರಿತು, ಕ್ಯಾಪ್ಟನ್ ಕೋಣೆಯ ಬಾಗಿಲು ತೆರೆಯಲಿಲ್ಲ. ದಿನವೂ ಗಡಿಯಾರದ ಹಾಗೆ ಬರುವ ಚೀಟಿ ಬಾರದಿದ್ದರೆ ಅದೇ ಒಂದು ಸುದ್ದಿ. ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ನನಗೆ ಇಪ್ಪತ್ತನಾಲ್ಕು ವರ್ಷ. ಕಾಫಿ ಪಾತ್ರೆಗಳ ಹಿಂದೆ ನಿಂತು, ಖಾಲಿ ಚೀಟಿಯೊಂದನ್ನು ತೆಗೆದು, ಐದು ವರ್ಷದಿಂದ ನೋಡಿದ್ದ ಕ್ಯಾಪ್ಟನ್ ಕೈಬರಹವನ್ನು ಹಾಗೇ ಇಳಿಸಿದೆ. ಸಹಿಯನ್ನೂ.

ನದಿ ಇರಲಿಲ್ಲ ಮಗಳೇ. ಕೆಳಗೆ ಬರೀ ಮೋಡ. ಬಲಗಡೆ ನೋಡಬಾರದು ಎಂದು ಎಡಗಡೆಗೆ ಒಂದು ನದಿ ಹರಿಸಿದೆ, ಅಷ್ಟೇ. ಎಲ್ಲರೂ ಕತ್ತು ಚಾಚಿ ನೋಡಿದರು. ಮೂರನೇ ಸಾಲಿನ ದೊಡ್ಡಮನುಷ್ಯರೊಬ್ಬರು ಹೆಂಡತಿಗೆ ಆ ನದಿಯ ಹೆಸರನ್ನೂ ಹೇಳಿದರು. ನಗು ಬಂದರೆ ನಕ್ಕುಬಿಡು, ನನಗೂ ಎಷ್ಟೋ ಸಲ ಬಂದಿದೆ.

ಕ್ಷೇಮವಾಗಿ ಇಳಿದೆವು. ವಿಚಾರಣೆ ಆಯಿತು. ಚೀಟಿ ಯಾರದು ಎಂದು ಕೇಳಿದಾಗ ಕ್ಯಾಪ್ಟನ್ ನನ್ನ ಮುಖ ನೋಡಿ, ತಾನೇ ಬರೆದದ್ದು ಎಂದರು. ವಿಚಾರಣೆ ನಡೆಸಿದವರು ಚೀಟಿಯನ್ನು ಅವರಿಗೆ ವಾಪಸ್ ಕೊಟ್ಟರು. ಹೊರಗೆ ಮೆಟ್ಟಿಲ ಹತ್ತಿರ ಕ್ಯಾಪ್ಟನ್ ಅದನ್ನು ನನ್ನ ಕೈಗಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಮೆಲ್ಲಗೆ ಕೇಳಿದರು. “ಇವತ್ತು ಜನ ಸುಮ್ಮನಿದ್ರು, ಸರಿ. ನಾಳೆ ನಾನು ನದಿ ಇದೆ ಅಂತ ಬರೆದ್ರೆ ನೀವು ನಂಬ್ತೀರಾ?”

ಅದಾದ ಮೇಲೆ ಎರಡು ತಿಂಗಳು ಹಾರಿ ನೋಡಿದೆ. ಪ್ರತಿ ಚೀಟಿ ಹಂಚುವ ಮೊದಲು ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದೆ. ಕೊನೆಗೆ ಕೆಲಸ ಬಿಟ್ಟುಬಂದೆ. ಮನೆಯಲ್ಲಿ ಸಾಕಾಯಿತು ಎಂದೆ. ನಿನ್ನಪ್ಪನಿಗೆ ಆಗ ಹನ್ನೆರಡು ವರ್ಷ. ಚೀಟಿ ನೋಡಿ, ಕ್ಯಾಪ್ಟನ್ ನನ್ನಕ್ಕನಿಗೆ ಕೊಟ್ಟ ಕಾಣಿಕೆ ಎಂದು ಕುಣಿದಾಡಿಬಿಟ್ಟ. ಮುಂದೆ ತನ್ನ ಮೊದಲ ಸಂಬಳದಲ್ಲಿ ಗಾಜು ಹಾಕಿಸಿದ. ಅಷ್ಟು ಪ್ರೀತಿಯಿಂದ ಹಾಕಿಸಿದ ಗಾಜನ್ನು ಒಡೆಯಲು ಮನಸ್ಸು ಬರಲಿಲ್ಲ. ನಾನು ಮತ್ತೆ ವಿಮಾನ ಹತ್ತದೆ ಇದ್ದದ್ದು ನಿಮ್ಮ ಪ್ಲಾಸ್ಟಿಕ್ಕಿಗೆ ಹೆದರಿ ಅಲ್ಲ. ಯಾರು ಏನು ಹೇಳಿದರೂ, ಹಿಂದೆ ನಿಂತು ಇನ್ಯಾರೋ ಹುಡುಗಿ ಬರೆದುಕೊಡುತ್ತಿದ್ದಾಳೆ ಎನ್ನಿಸುತ್ತದೆ. ಹೆದರಿಕೆ ಕಣೇ, ಶುದ್ಧ ಹೆದರಿಕೆ.

ಇನ್ನು ನಿನ್ನ ವಿಷಯ. ನನ್ನ ಚೀಟಿಯನ್ನು ಅಲ್ಲಿ ಇಡಬೇಡ, ಅದು ಸುಳ್ಳು. ನೀನು ಬರೆದದ್ದು ನಿಜ. ಸಹಿಯೂ ನಿನ್ನದೇ. ಆ ಗೀಚಿದ ಕಾಗದವನ್ನು ಸೂಟ್‌ಕೇಸಿನಿಂದ ಮೊದಲು ತೆಗೆ, ತೆಗೆದು ಅದನ್ನೇ ತೋರಿಸು. ಐದು ವರ್ಷದಲ್ಲಿ ನಾನು ಸಾವಿರಾರು ಚೀಟಿ ಹಂಚಿದ್ದೇನೆ. ಒಂದರಲ್ಲೂ ಯಾರೂ ಒಂದಕ್ಷರ ಬರೆಯಲಿಲ್ಲ. ಅವರಿಗೆ ಪೆನ್ನಿರಲಿಲ್ಲವೇ? ಚಿನ್ನದ ಪೆನ್ನೇ ಇತ್ತು. ಕ್ಯಾಪ್ಟನ್ ಹೇಳುವುದು, ನಾವು ಕೇಳುವುದು ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ನಿನ್ನ ಜನ ನಿನಗೆ ಉತ್ತರ ಬರೆದಿದ್ದಾರೆ. ಏನು ಬರೆದಿದ್ದಾರೆ ಎಂದು ಸರಿಯಾಗಿ ಓದಿದೆಯಾ ನೀನು?

ನನ್ನ ಕಾಲವನ್ನು ನಾನೇ ಬೆಳೆಸಿ ಹೇಳಿದ್ದೂ ಉಂಟು. ಪೆಪ್ಪರಮಿಂಟು ಕೊಟ್ಟ ಕೈಯಲ್ಲೇ ಅರ್ಧ ಜನರ ವಾಂತಿಯ ಚೀಲ ಎತ್ತುತ್ತಿದ್ದೆ. ಕೈಗವಸು ತೊಡುವ ಮೊದಲು ತಿಂಗಳಿಗೊಮ್ಮೆ ನಮ್ಮನ್ನು ಮೂಟೆಯ ಹಾಗೆ ತೂಗುತ್ತಿದ್ದರು. ನನ್ನ ನಲವತ್ತು ಜನರಲ್ಲಿ ಕೈಕೆಲಸದವರು ಒಬ್ಬರೂ ಇರುತ್ತಿರಲಿಲ್ಲ, ಅಂಥವರ ಆರು ತಿಂಗಳ ಸಂಬಳಕ್ಕೂ ಆ ಟಿಕೆಟ್ ಬರುತ್ತಿರಲಿಲ್ಲ. ಬಸ್ಸು ಎಂದು ನಾನು ಅಣಕಿಸಿದ್ದು ತಪ್ಪಾಯಿತು. ಬಸ್ಸಿಗೆ ಯಾರು ಬೇಕಾದರೂ ಹತ್ತಬಹುದು.

ಬೆನ್ನು ನೇರ ಮಾಡಿ ಕೂತುಕೋ.

ಅತ್ತೆ

ಮಾರ್ಚ್ 9, 2023

ಅತ್ತೆ,

ನಿಮ್ಮ ಕಾಗದವನ್ನು ಎರಡು ಸಲ ಓದಿ ಅತ್ತುಬಿಟ್ಟೆ, ಮೂರನೇ ಸಲ ನಕ್ಕೆ. ಆ ದೊಡ್ಡಮನುಷ್ಯರು ಹೇಳಿದ ಹೆಸರು ಯಾವುದು? ಅದನ್ನು ಹೇಳಲೇಬೇಕು. ಕಳೆದ ಕಾಗದದಲ್ಲಿ ಬಾಯಿಗೆ ಬಂದಂತೆ ಬರೆದದ್ದಕ್ಕೆ ಕ್ಷಮಿಸಿ. ಅಪ್ಪ ಇದ್ದಿದ್ದರೆ, ನಿಜ ಗೊತ್ತಾದ ಮೇಲೆ ಇನ್ನೂ ದೊಡ್ಡ ಚೌಕಟ್ಟು ಹಾಕಿಸುತ್ತಿದ್ದ.

ಸೂಟ್‌ಕೇಸಿನ ತಳದಿಂದ ಚೀಟಿ ತೆಗೆದು, ಮೊದಲ ಸಲ ಸರಿಯಾಗಿ ಓದಿದೆ. 9ಎ ಸೀಟಿನವರು ‘ಎರಡು ಗಂಟೆ ಎಂದು ಮೊದಲೇ ಹೇಳಿದಿರಿ, ಮಗಳಿಗೆ ಫೋನ್ ಮಾಡಿ ಕಾಯಬೇಡ, ಊಟ ಮಾಡು ಅಂದೆ’ ಎಂದು ಬರೆದಿದ್ದರು. 14ಡಿಯವರು ‘ಸಕ್ಕರೆ ಕಾಯಿಲೆ ಇದೆ, ತಿನ್ನಲು ಏನಾದರೂ ಬೇಕು’ ಎಂದರೆ ಅದರ ಕೆಳಗೇ ಬೇರೆ ಅಕ್ಷರದಲ್ಲಿ ‘15ಸಿ, ಕೊಟ್ಟೆ’. 27ಎಫ್‌ನವರದು ‘ಮೊದಲ ಸಲ ಹತ್ತಿದ್ದೇನೆ, ಯಾವಾಗಲೂ ಹೀಗೇನಾ?’ ಪಕ್ಕದಲ್ಲಿ ‘27ಇ, ಒಂದೊಂದು ಸಲ ಹೀಗೆ, ಹೆದರಬೇಡಿ, ನಾನಿದ್ದೇನೆ’. ಹೀಗೆ ಮೂವತ್ತಕ್ಕೂ ಹೆಚ್ಚು. ಇದನ್ನು ನಾನು ಗೀಚಾಟ ಎಂದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

ವಿಚಾರಣೆಯಲ್ಲಿ ಮೊದಲು ನಕಲು ಕೊಟ್ಟ ತಪ್ಪನ್ನು ಒಪ್ಪಿಕೊಂಡೆ. ಆಮೇಲೆ ಅಸಲನ್ನು ಮೇಜಿನ ಮೇಲೆ ಇಟ್ಟೆ. ಸ್ಕೇಲು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ನಾನು ಬಾಯಿ ಬಿಡಲಿಲ್ಲ. ಹೌದು ಅತ್ತೆ, ಬಾಯಿ ಬಿಡಲಿಲ್ಲ! ಕೊನೆಗೆ ಅವರು ಕೇಳಿದ್ದು ಒಂದೇ. “ಈ ಹದಿನಾಲ್ಕು ಡಿ, ಅವರು ಆರಾಮಾಗಿದ್ರಾ?” ಆರಾಮಾಗಿದ್ದರು, ಇಳಿಯುವಾಗ ಬಿಸ್ಕತ್ತಿನ ಖಾಲಿ ಪೊಟ್ಟಣ ನನ್ನ ಕೈಗೇ ಕೊಟ್ಟು ಹೋದರು ಎಂದೆ.

ಮಂಜು ಕವಿದ ಆ ಬೆಳಿಗ್ಗೆ ನಮ್ಮ ಕಂಪನಿಯ ಮೂರು ವಿಮಾನ ಅದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದವು. ಉಳಿದೆರಡಕ್ಕೂ ಪೊಲೀಸರು ಬರಬೇಕಾಯಿತಂತೆ. ನನ್ನದರಿಂದ ಬಂದದ್ದು ಒಂದೇ ದೂರು, ಅದೂ ಮಧ್ಯದ ಸೀಟಿನ ಬಗ್ಗೆ. ಇದನ್ನು ಎತ್ತಿ ಹೇಳಿದ್ದು ನಾನಲ್ಲ, ಆ ಕ್ಯಾಪ್ಟನ್. ತಾನು ಟೈಮ್ ಹೇಳಬೇಡಿ ಎಂದದ್ದು ನಿಜ, ಈಗ ನೋಡಿದರೆ ಹೇಳಬೇಕಿತ್ತು ಎಂದ. ವಾಪಸ್ ತೆಗೆದುಕೊಂಡಿದ್ದನ್ನು ವಾಪಸ್ ಕೊಟ್ಟುಬಿಟ್ಟೆ. ಒಳ್ಳೆಯವನೇ.

ತೀರ್ಪು ಇದು. ಕೇಳದೆ ಬರೆದದ್ದಕ್ಕೆ ಮತ್ತು ನಕಲು ಕೊಟ್ಟದ್ದಕ್ಕೆ ನನ್ನ ಫೈಲಿನಲ್ಲಿ ಎಚ್ಚರಿಕೆ ಪತ್ರ. ಇನ್ನು ಮುಂದೆ ಕ್ಯಾಪ್ಟನ್ ಸಹಿ ಇಲ್ಲದೆ ಯಾವ ಚೀಟಿಯೂ ಹೊರಡಬಾರದು. ಸಹಿ ಇದ್ದರೆ ಹೊರಡಬಹುದು ಎಂದಾಯಿತಲ್ಲ! ಮತ್ತೆ, ಪಟ್ಟಿಗೆ ನನ್ನ ಹೆಸರು ವಾಪಸ್ ಸೇರಿತು. ಮೊನ್ನೆ ಸಂದರ್ಶನ ಆಯಿತು, ನಿನ್ನೆ ಫಲಿತಾಂಶ. ನಿಮ್ಮ ಚಿನಕುರಳಿ ಈಗ ಇನ್‌ಚಾರ್ಜ್.

ಏಪ್ರಿಲ್ 2, ಬೆಳಿಗ್ಗೆ ಹತ್ತು ಗಂಟೆ. ಇನ್‌ಚಾರ್ಜ್ ಆಗಿ ನನ್ನ ಮೊದಲ ಹಾರಾಟ. ಇದರ ಜೊತೆ ಟಿಕೆಟ್ ಇದೆ. ಮನೆಯವರ ಕೋಟಾದಲ್ಲಿ ಸಿಕ್ಕಿದ್ದು ಕೊನೆಯ ಸಾಲು, ಮಧ್ಯದ ಸೀಟು, ಮೊಣಕಾಲನ್ನು ಬಾಯಿಗೆ ತುರುಕಿಕೊಂಡು ಕೂರಬೇಕು. ಕಾಫಿಗೆ ದುಡ್ಡು. ಆದರೆ ಆ ವಿಮಾನದಲ್ಲಿ ಯಾರೂ ನಿಮಗೆ ಸುಳ್ಳು ಬರೆದು ಕೊಡುವುದಿಲ್ಲ. ಅದಕ್ಕೆ ನಾನು ಜವಾಬ್ದಾರಿ.

ನಿಮ್ಮ ಚಿನಕುರಳಿ

ಏಪ್ರಿಲ್ 2, 2023
(ತಿಂಡಿ ಪಟ್ಟಿಯ ಹಿಂಬದಿಯಲ್ಲಿ)

ಪ್ರಯಾಣಿಕರಿಗೆ ನಮಸ್ಕಾರ. ಎತ್ತರ ಮೂವತ್ತನಾಲ್ಕು ಸಾವಿರ ಅಡಿ. ಮುಂದೆ ಸ್ವಲ್ಪ ಮೋಡ ಇದೆ, ಹತ್ತು ನಿಮಿಷ ಕುಲುಕಾಡಬಹುದು, ಬೆಲ್ಟ್ ಬಿಚ್ಚಬೇಡಿ. ಹೇಳಿದ್ದಕ್ಕಿಂತ ಆರು ನಿಮಿಷ ತಡವಾಗಿ ಇಳಿಯುತ್ತೇವೆ. ಎಡಗಡೆಗೆ ನದಿ ಕಾಣುತ್ತದೆ. ಓದಿ ಹಿಂದಕ್ಕೆ ಕೊಡಿ. ಏನಾದರೂ ಹೇಳುವುದಿದ್ದರೆ ಕೆಳಗೆ ಬರೆಯಿರಿ.
ಸಹಿ: ಕ್ಯಾಪ್ಟನ್. ಸಹಿ: ಇನ್‌ಚಾರ್ಜ್.

4ಸಿ: ಎಸಿ ಜಾಸ್ತಿಯಾಯಿತು.

12ಎಫ್: ಬಲಗಡೆಯವರಿಗೆ ಏನೂ ಇಲ್ಲವೇ?

22ಎ: ನದಿ ನೋಡಿದೆವು. ಮಗು ಕೈ ಬೀಸಿತು.

31ಬಿ: ಚಿನಕುರಳಿ, ಕಾಫಿ ನೀರು ನೀರಾಗಿದೆ, ಕೇಳಿದ ಬೆಲೆಗೆ ಇದು ಅನ್ಯಾಯ. ಏರುವಾಗ ಎರಡು ಕೈಯಲ್ಲೂ ಸೀಟು ಹಿಡಿದುಕೊಂಡಿದ್ದೆ, ನೀನು ನೋಡಲಿಲ್ಲ ಎಂದುಕೊಂಡಿದ್ದೇನೆ. ಪಕ್ಕದ 31ಎಯಲ್ಲಿ ಟೈಲ್ಸ್ ಹಾಕುವವರು ಕೂತಿದ್ದಾರೆ, ವಿಮಾನ ಹತ್ತಿದ್ದು ಅವರಿಗೆ ಇದೇ ಮೊದಲ ಸಲ. ಚೀಟಿ ಬಂದಾಗ ನಾನು ಕೈ ಚಾಚಲಿಲ್ಲ, ಅವರೇ ಓದಿ ಹೇಳಿದರು. ನಾನು ನಂಬಲಿಲ್ಲ. ಅವರು ಹಿಂದಕ್ಕೆ ಒರಗಿ, ನೀವೇ ನೋಡಿ ಅಮ್ಮಾ ಎಂದು ಕಿಟಕಿ ಬಿಟ್ಟುಕೊಟ್ಟರು.

ನದಿ ಇದೆ ಕಣೇ.

ಸಹಿ: ನಿನ್ನ ಅತ್ತೆ. ಈ ಸಲ ನನ್ನದೇ.